ನೋಡುವವರ ಕಣ್ಣಿಗೆ ಅಂಟುವ ಕಾಯಿಲೆ

ನಗರಸಭೆಯ ಈಜುಕೊಳವನ್ನು ಶುಚಿಯಾಗಿಡಲು ಪಣ ತೊಟ್ಟ ಮಾನ್ಯ ಅಧಿಕಾರಿಗಳೇ,

ನನ್ನ ಮಗಳಿಗೆ ಈಜು ಕಲಿಸುವ ಸುಖವನ್ನು ತಾವು ನನ್ನಿಂದ ಕಿತ್ತು ನನ್ನ ತಂಗಿಗೆ ಕೊಟ್ಟಿದ್ದೀರಿ. ದೂರು ಇಷ್ಟೇ. ಉಳಿದದ್ದು ವಿವರ.

ನನಗೆ ಸೋರಿಯಾಸಿಸ್ ಇದೆ. ಮೊಣಕೈ, ಮಂಡಿ, ಬೆನ್ನಿನಲ್ಲಿ ಕೆಂಪು ಕಲೆ, ಅದರ ಮೇಲೆ ಬಿಳಿ ಹೊಟ್ಟು. ತಗ್ಗುತ್ತದೆ, ಮತ್ತೆ ಬರುತ್ತದೆ, ಯಾರಿಗೂ ಅಂಟುವುದಿಲ್ಲ. ಹೊಲಿಗೆ ನನ್ನ ಕಸುಬು. ಹೆಣ್ಣುಮಕ್ಕಳು ತೋಳಿಲ್ಲದ ಅಂಗಿಗೆ ಅಳತೆ ಕೊಡುವಾಗ ಅವರ ನುಣುಪು ತೋಳಿನ ಮೇಲೆ ನನ್ನ ಕಣ್ಣು ನಿಂತುಬಿಡುತ್ತದೆ. ನನಗೆ ಮಾತ್ರ ಸುಡುಬೇಸಿಗೆಯಲ್ಲೂ ಮಣಿಕಟ್ಟಿನವರೆಗೆ ತೋಳು. ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಆದರೆ ಅದನ್ನು ಒಡಹುಟ್ಟಿದವಳ ಮೇಲೆ ತಿರುಗಿಸಿದ ಕೀರ್ತಿ ತಮ್ಮದು.

ಆ ದಿನ ಮಗಳ ಹೊಟ್ಟೆಯಡಿ ಕೈಯಿಟ್ಟು ತೇಲಿಸುತ್ತಿದ್ದೆ. ಯಾರೋ ದೂರಿದರಂತೆ. ತಾವು ದಡದಲ್ಲಿ ನಿಂತು, ಬೆರಳಾಡಿಸಿ, ಎಲ್ಲರೆದುರು ನನ್ನನ್ನು ನೀರಿನಿಂದ ಹೊರಗೆ ಕರೆದಿರಿ. ಮರುದಿನ ವೈದ್ಯರ ಪತ್ರ ತಂದೆ. ಪೂರ್ತಿ ಓದಿ, ಸೌಜನ್ಯದಿಂದಲೇ ಹೇಳಿದಿರಿ: "ಹರಡಲ್ಲ ಅಂತ ನನಗೂ ಗೊತ್ತಮ್ಮ. ಆದ್ರೆ ನೋಡೋರಿಗೆ ಒಂಥರಾ ಆಗುತ್ತಲ್ಲ."

ಹಾಗಾದರೆ ಕೊಳದೊಳಗೇ ಕ್ಯಾಕರಿಸಿ ಉಗಿಯುವ ಮಹನೀಯರನ್ನು ಯಾವಾಗ ಹೊರಗೆ ಕರೆಯುತ್ತೀರಿ? ಅವರನ್ನು ನೋಡಿ ತಮಗೆ ಏನೂ ಆಗುವುದಿಲ್ಲವೇ?

ಅಂದಿನಿಂದ ಮಗಳನ್ನು ನೀರಿಗಿಳಿಸುವವಳು ತಂಗಿ. ಆ ತಂಗಿಗೆ ಈಜು ಕಲಿಸಿದವಳು ನಾನು. ಈಗ ನಾನು ಗಾಜಿನ ಗೋಡೆಯ ಈಚೆ ಟವೆಲ್ ಹಿಡಿದು ಕೂರುತ್ತೇನೆ. ಒಂದು ಕಲೆಯೂ ಇಲ್ಲದ ಅವಳ ಬೆನ್ನಿನಿಂದ ನೀರು ಜಾರುವುದನ್ನು ನೋಡಲಾರದೆ, ಮಡಚಿದ ಟವೆಲ್ಲನ್ನೇ ಮತ್ತೆ ಮಡಚುತ್ತೇನೆ. ಕಳೆದ ವಾರ ಮಗಳು ಮೊದಲ ಸಲ ತಾನಾಗಿ ತೇಲಿದಳು. ತೇಲಿದವಳೇ ನೋಡಿದ್ದು ಚಿಕ್ಕಮ್ಮನ ಮುಖ. ನಾನು ಚಪ್ಪಾಳೆ ತಟ್ಟಿದೆ, ಒಳಗೆ ಕೇಳಿಸಲಿಲ್ಲ. ಈಗ ಕಲೆಗಳು ಕುತ್ತಿಗೆಗೂ ಹತ್ತಿವೆ. ಕೊರಗಿದರೆ ಕೆರಳುತ್ತದೆ, ಕೊರಗಬೇಡಿ ಎನ್ನುತ್ತಾರೆ ವೈದ್ಯರು. ಕೊರಗದಿರಲು ಮುಲಾಮು ಬರೆದುಕೊಟ್ಟಿಲ್ಲ.

ತಾನಾಗಿ ತೇಲಿದ ಆ ದಿನ ಮನೆಗೆ ಬರುವಾಗ ಮಗಳು ಕೇಳಿದಳು, "ಅಮ್ಮ, ನೀನು ಈಗ ನೀರಿಗೆ ಇಳಿಯದೇ ಇರೋದು ಭಯಕ್ಕಂತೆ, ಹೌದಾ? ಚಿಕ್ಕಮ್ಮ ಹೇಳಿದ್ಲು."

ನನ್ನ ಮಾನ ಉಳಿಸಲು ತಂಗಿ ಕಟ್ಟಿದ ಸುಳ್ಳು. ಅವಳ ಒಳ್ಳೆಯತನ ಕಂಡೂ ನನ್ನ ಹೊಟ್ಟೆ ಉರಿಯಿತು. ಭಯವಿಲ್ಲ ಎಂದೆ ಮಗಳಿಗೆ. ಮತ್ಯಾಕೆ ಎಂದಳು. ಅದಕ್ಕೆ ಉತ್ತರಿಸಬೇಕಾದವರು ತಾವು.

ಆದ್ದರಿಂದ ಮುಂದಿನ ಭಾನುವಾರ ಈಜುಡುಗೆ ತೊಟ್ಟು, ಮಗಳ ಕೈ ಹಿಡಿದು ಬರುತ್ತಿದ್ದೇನೆ. ಅಷ್ಟರೊಳಗೆ ಈ ಕಾಯಿಲೆ ಅಂಟುವುದಿಲ್ಲವೆಂದು ಬಾಗಿಲಲ್ಲಿ ದಪ್ಪಕ್ಷರದ ಫಲಕ ಹಾಕಿಸಿ. ನನ್ನನ್ನು ತಡೆಯಲೇಬೇಕಿದ್ದರೆ ತಡೆಯಿರಿ. ಕಾರಣವನ್ನು ಮಾತ್ರ ನನಗಲ್ಲ, ಅವಳಿಗೆ ಹೇಳಿ. ಅವಳು ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ.

ಇಂತಿ,
ಚರ್ಮಕ್ಕಿಂತ ಹೊಟ್ಟೆಯೊಳಗೇ ಹೆಚ್ಚು ಉರಿಯುತ್ತಿರುವ
ಒಬ್ಬ ಹೊಲಿಗೆಯವಳು