ಸುಂದರಾಳನ್ನು ತಲುಪದ ಜಾಹೀರ ನೋಟೀಸು

ಕಾನೂನು ಪ್ರಕಟಣೆಗೆ ಯಾವ ಪತ್ರಿಕೆ ಯೋಗ್ಯವೆಂದು ಪಟ್ಟಿ ಮಾಡುವ ಮಾನ್ಯರೇ,

ಕೋರ್ಟಿನ ಜಾಹೀರ ನೋಟೀಸುಗಳನ್ನು ಆನ್‌ಲೈನ್ ಪತ್ರಿಕೆಗಳಲ್ಲೂ ಪ್ರಕಟಿಸಲು ಅವಕಾಶ ಕೊಡಿ ಎಂದು ನಾನು ಬರೆದ ಅರ್ಜಿಗೆ ನಿಮ್ಮ ಕಚೇರಿ ಒಂದೇ ಸಾಲಿನ ಉತ್ತರ ಕೊಟ್ಟಿದೆ: ಕಾಗದದ ಮೇಲೆ ಅಚ್ಚಾಗದ್ದು ಪತ್ರಿಕೆಯಲ್ಲ. ಹೊಲದ ಉತಾರವನ್ನೇ, ಅಂದರೆ ಪಹಣಿಯನ್ನೇ, ಕಂಪ್ಯೂಟರಿನಿಂದ ಕೊಡುವ ಸರ್ಕಾರ 2018ರಲ್ಲಿ ಹೀಗೆ ಹೇಳಿದರೆ ನಾವು ಸುಮ್ಮನಿರಬೇಕೆ?

ನಾನು ಐಗಳಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಅಲ್ಲಿ ಬಿಸಿಯೂಟದ ಅಡುಗೆ ಮಾಡುವ ನೀಲಮಳ ತವರು ಅಲಖನೂರ. ತವರಿನಲ್ಲಿ ಅವಳ ಹೆಸರು ಸುಂದರಾ. ನಮ್ಮ ಗಡಿಭಾಗದ ಎಷ್ಟೋ ಮನೆಗಳಲ್ಲಿ ಮದುವೆಯ ದಿನವೇ ಹುಡುಗಿಯ ಹೆಸರು ಬದಲಿಸುತ್ತಾರೆ. ಐಗಳಿಯಲ್ಲಿ ಸುಂದರಾ ಎಂದರೆ ಯಾರೂ ತಿರುಗಿ ನೋಡುವುದಿಲ್ಲ.

ತಂದೆ ತೀರಿದ ಮೇಲೆ ಅವಳ ಅಣ್ಣ ಬಾಳು, ಹೊಲವೆಲ್ಲ ತನ್ನದೇ ಎಂದು ದಾವೆ ಹೂಡಿದ. ತಂಗಿ ಸುಂದರಾಳ ವಿಳಾಸ ತಿಳಿಯದು ಎಂದು ಬರೆದುಕೊಟ್ಟ. ಪ್ರತಿವರ್ಷ ನಾಗರಪಂಚಮಿಗೆ ಅವಳನ್ನು ಕರೆಯಲು ಇದೇ ಊರಿಗೆ ಬರುತ್ತಿದ್ದವನಿಗೆ ಕೋರ್ಟಿನ ಮೆಟ್ಟಿಲೇರಿದೊಡನೆ ದಾರಿ ಮರೆತುಹೋಯಿತು! ನಿಮ್ಮ ಪಟ್ಟಿಯ ಪತ್ರಿಕೆಯೊಂದರಲ್ಲಿ ನೋಟೀಸು ಅಚ್ಚಾಯಿತು. ಸುಂದರಾ ಹಾಜರಾಗಲಿಲ್ಲ. ತೀರ್ಪು ಅಣ್ಣನ ಕಡೆಗಾಯಿತು. ಮುಂದಿನ ಪಂಚಮಿಗೆ ಅವನೇ ಅವಳಿಗೆ ಹೇಳಿದನಂತೆ: “ಪೇಪರದಾಗ ಹಾಕಿಸಿದ್ವಿ ಬೇ. ನೀನ ಬರಲಿಲ್ಲ, ನಾ ಏನ್ ಮಾಡ್ಲಿ?”

ಆ ತಾರೀಖಿನ ಪೇಪರನ್ನು ಶಾಲೆಯ ರದ್ದಿಯಿಂದ ಹುಡುಕಿ ತೆಗೆದವಳು ನಾನು. ನೋಟೀಸಿನ ಪಕ್ಕದಲ್ಲೇ ಸುಡೋಕು. ಅದರಲ್ಲಿ ತುಂಬಿಸಿದ ಅಂಕಿಗಳು ನನ್ನ ಕೈಬರಹದವು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನನಗೆ ಕೋರ್ಟಿನ ಕನ್ನಡ ಕಂಡರೆ ಕಣ್ಣು ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಓದಿದ್ದರೂ ಗುರುತಿಸುತ್ತಿದ್ದೆನೆ? ನೀಲಮ ನನ್ನನ್ನು ಬೈಯಲಿಲ್ಲ. “ನಿಮಗ ಹೆಂಗ ಗೊತ್ತಾಗಬೇಕ್ರಿ ಅಕ್ಕೋರ, ಆ ಸುಂದರಾ ನಾನ ಅಂತ?” ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಎರಡೂ ಹೆಸರು ಬಲ್ಲವಳು ಅಲಖನೂರಿನ ಭಾಗ್ಯಾ, ಅವಳ ಬಾಲ್ಯದ ಗೆಳತಿ. ನೋಟೀಸು ನೋಡಲಿಲ್ಲವೇ ಎಂದು ಫೋನಿನಲ್ಲಿ ಕೇಳಿದಾಗ ನನ್ನ ಮೇಲೇ ರೇಗಿದಳು: “ಆ ಪೇಪರ ನಮ್ಮೂರಿಗೆ ಬರೂದ ಇಲ್ರಿ. ಮೊಬೈಲದಾಗಿನ ಸುದ್ದಿ ಓದ್ತೀವಿ. ಯಾರ ಎಮ್ಮಿ ಕಳದೈತಿ ಅನ್ನೂದೂ ಅದರಾಗ ಬರ್ತೈತಿ. ಸುಂದರಾನ ಹೆಸರ ಕಂಡಿದ್ರ ಸುಮ್ಮ ಕೂಡತಿದ್ನೇನ್ರಿ?”

ಕಳೆದ ಎಮ್ಮೆಯ ಸುದ್ದಿ ಊರನ್ನು ತಲುಪುತ್ತದೆ, ಮಾನ್ಯರೇ. ಮಗಳ ಹಕ್ಕಿನ ಸುದ್ದಿ ತಲುಪುವುದಿಲ್ಲ. ಇದು ನಿಮ್ಮ ನಿಯಮದ ಸಾಧನೆ.

ಆನ್‌ಲೈನ್ ಬಂದರೆ ಎಲ್ಲವೂ ಸರಿಹೋಗುತ್ತದೆಂದು ನಾನೂ ನಂಬಿಲ್ಲ. ಅಂದು ಭಾಗ್ಯಾ ನೋಡಿಯೇ ನೋಡುತ್ತಿದ್ದಳೆಂದು ಆಣೆ ಮಾಡಲಾರೆ. ಫೋನಿಲ್ಲದವರಿದ್ದಾರೆ. ಹಾಕಿದ್ದನ್ನು ಸಂಜೆಗೆ ಅಳಿಸುವವರೂ ಇರಬಹುದು. ಆದ್ದರಿಂದ ಅಚ್ಚಿನ ಪತ್ರಿಕೆ ಬಿಡಿ ಎನ್ನುತ್ತಿಲ್ಲ. ಅದರ ಜೊತೆಗೆ ಸ್ಥಳೀಯ ಆನ್‌ಲೈನ್ ಪತ್ರಿಕೆಯಲ್ಲೂ ನೋಟೀಸು ಬರಲಿ. ತಾರೀಖಿನೊಂದಿಗೆ, ತಿದ್ದಲಾಗದಂತೆ, ಗಡುವು ಮುಗಿಯುವವರೆಗೂ ಇರಲಿ. ಊರಿನ ಹೆಸರು ಒತ್ತಿದರೆ ಸಿಗಲಿ. ಮದುವೆಯಾದ ಹೆಣ್ಣಿನ ಎರಡೂ ಹೆಸರು ಇರಲಿ. ಇದರಲ್ಲಿ ನಿಮಗೆ ಕಷ್ಟವಾಗುವುದು ಯಾವುದು?

ತೀರ್ಪು ರದ್ದುಪಡಿಸಬೇಕೆಂಬ ನೀಲಮಳ ಅರ್ಜಿ ಮುಂದಿನ ತಿಂಗಳು ವಿಚಾರಣೆಗೆ ಬರುತ್ತದೆ. ನೋಟೀಸು ಪ್ರಕಟವಾಗಿತ್ತು ಎಂದು ಎದುರು ವಕೀಲರು ಹೇಳುತ್ತಾರೆ. ಆ ಸುಡೋಕು ಹಿಡಿದುಕೊಂಡು ನಾನೂ ಸಾಕ್ಷಿ ಹೇಳಲು ಹೋಗುತ್ತೇನೆ. ಅಷ್ಟರೊಳಗೆ ನಿಮ್ಮ ಪಟ್ಟಿಯನ್ನು ತಿದ್ದಿ, ಇಲ್ಲವೇ ಏಕೆ ತಿದ್ದುವುದಿಲ್ಲವೆಂದು ಕಾರಣ ಬರೆಯಿರಿ.

ಈ ಪತ್ರವನ್ನು ಭಾಗ್ಯಾ ಓದುವ ಆನ್‌ಲೈನ್ ಪತ್ರಿಕೆಗೇ ಕೊಟ್ಟಿದ್ದೇನೆ. ನಿಮ್ಮ ನಿಯಮದ ಪ್ರಕಾರ ಇದು ಪ್ರಕಟವಾಗಿಲ್ಲ. ಆದರೂ ನೀವು ಇದನ್ನು ಓದಿದ್ದೀರಿ.

ಇಂತಿ,
ಸುಡೋಕು ಬಿಡಿಸಿ ನೋಟೀಸು ಬಿಟ್ಟ
ಐಗಳಿಯ ಇಂಗ್ಲಿಷ್ ಅಕ್ಕೋರು