ಪರದೆಯ ಆ ಕಡೆ

ಜೂನ್ 3, ಬೆಳಿಗ್ಗೆ

ಸಮಸ್ತ ಲೋಕಕ್ಕೆ ತಿಳಿಯಪಡಿಸುವುದೇನೆಂದರೆ — ಇಂದು ಒಂದೇ ದಮ್ಮಿಗೆ ಎರಡೂ ಕಾಲಿಗೆ ಸಾಕ್ಸ್ ಹಾಕಿಕೊಂಡೆ. ಸಿಗರೇಟು ತಿಂದುಳಿಸಿದ ಶ್ವಾಸಕೋಶಕ್ಕೆ ಇದು ದಿಗ್ವಿಜಯ. ಎಲ್ಲ ಆಸ್ಪತ್ರೆಯವರು ಕೊಟ್ಟ ಆ ಪ್ಲಾಸ್ಟಿಕ್ ಪೀಪಿಯ ಮಹಿಮೆ. ಊದುವ ಪೀಪಿಯಲ್ಲ, ಉಸಿರು ಎಳೆಯುವುದು. ಎಳೆದಷ್ಟೂ ಎದೆಗೂಡಿನ ಕೆಳಗಿನ ವಪೆ ಎಂಬ ಸ್ನಾಯು ಗಟ್ಟಿಯಾಗುತ್ತದಂತೆ. ಮಧ್ಯಾಹ್ನ ಸ್ಕ್ಯಾನ್.

ಅದೇ ದಿನ, ಸಂಜೆ

ಯಥಾಪ್ರಕಾರ. ಪಕ್ಕೆಗೆ ತಣ್ಣನೆಯ ಜೆಲ್, ಅದರ ಮೇಲೆ ಸ್ಕ್ಯಾನಿನ ಪ್ರೋಬ್. ಉಸಿರೆಳೆದಾಗ ಸ್ನಾಯು ದಪ್ಪವಾಗಬೇಕು, ಬಿಟ್ಟಾಗ ತೆಳ್ಳಗೆ. ಚಿತ್ರ ಮೂಡುವ ಪರದೆ ಎಂದಿನಂತೆ ಹೆಂಡತಿಯ ಕಡೆ — ನಾನು ನೋಡಿದರೆ ಗಾಬರಿಯಾಗಿ ಉಸಿರು ಕೆಡುತ್ತದಂತೆ. ಹೋದ ಸಲಕ್ಕಿಂತ ಚೆನ್ನಾಗಿದೆ ಅಂದರು ಸ್ಕ್ಯಾನಿನಮ್ಮ. ಮಗಳಿಗೆ ಫೋನು ಮಾಡಿದೆ. "ಪೈಲ್ವಾನ್ ಕಣಪ್ಪ ನೀನು" ಅಂದಳು. ಭಾವಮೈದನ ಹತ್ತಿರವೂ ಕೊಚ್ಚಿಕೊಂಡೆ. ಅವನೂ ಶಹಭಾಸ್ ಅಂದ.

ಸೆಪ್ಟೆಂಬರ್ 9

ಸ್ಕ್ಯಾನಿನಮ್ಮ ರಜೆ. ಬದಲಿಗೆ ಬಂದವನಿಗೆ ಒಳ ಒಪ್ಪಂದ ಗೊತ್ತಿಲ್ಲ, ಪಾಪ. ಪರದೆಯನ್ನು ನನ್ನ ಕಡೆ ತಿರುಗಿಸಿದ. ಹೆಂಡತಿ ಕೆಮ್ಮಿದಳು. ಕೆಮ್ಮು ನನ್ನ ಇಲಾಖೆ… ಅನುಮಾನ ಬಂತು.

ಎರಡು ಬಿಳಿ ಗೆರೆ, ನಡುವೆ ಕಪ್ಪು ಪಟ್ಟಿ. ಅದೇ ನನ್ನ ಪೈಲ್ವಾನ. ಶಕ್ತಿ ಮೀರಿ ಉಸಿರೆಳೆದೆ. ಪಟ್ಟಿ ಇದ್ದಷ್ಟೇ ಇತ್ತು.

"ಹೋದ ಸಲ ಚೆನ್ನಾಗಿತ್ತಲ್ಲಪ್ಪ?"

ಹಳೇ ಚಿತ್ರ ತೆಗೆದು ನೋಡಿದ. "ಇಲ್ಲ ಸರ್. ಆಗ್ಲೇ ಕಮ್ಮಿ ಇತ್ತು. ಈಗ ಇನ್ನೂ ಕಮ್ಮಿ."

ಕಾರಿನಲ್ಲಿ ಹೆಂಡತಿ ಕಿಟಕಿಯಾಚೆ ನೋಡುತ್ತ ಬಾಯಿಬಿಟ್ಟಳು. "ನಿಜ ಹೇಳಿದ್ರೆ ಅವತ್ತೇ ಪೀಪಿ ಬಿಸಾಕ್ತಿದ್ರಿ."

ಸ್ಕ್ಯಾನಿನಮ್ಮನಿಗೆ ಹೇಳಿಕೊಟ್ಟವಳೇ ಇವಳು. ಮಗಳಿಗೂ ಗೊತ್ತಿತ್ತಂತೆ. ಭಾವಮೈದನಿಗೂ. ಊರಿಗೆಲ್ಲ ಗೊತ್ತಿದ್ದ ನನ್ನ ಉಸಿರು ನನಗೊಬ್ಬನಿಗೆ ಗುಟ್ಟು.

ಮನೆಗೆ ಬಂದವನೇ ಪೀಪಿಯನ್ನು ಬೀರುವಿನ ಮೇಲಕ್ಕೆ ಎಸೆದೆ. ಅವಳ ಮಾತು ನಿಜ ಮಾಡಿಕೊಟ್ಟೆ.

ಸೆಪ್ಟೆಂಬರ್ 10

ಪ್ರತಿಭಟನಾರ್ಥ ಮೌನವ್ರತ. ಮಾತಾಡಲು ಹೇಗೂ ಉಸಿರಿಲ್ಲ. ಇಡೀ ದಿನ ಯಾರಿಗೂ ಗೊತ್ತೇ ಆಗಲಿಲ್ಲ.

ಸೆಪ್ಟೆಂಬರ್ 21

ಸಾಕ್ಸ್ ಈಗ ಅವಳೇ ಹಾಕುತ್ತಾಳೆ, ತಲೆ ಬಗ್ಗಿಸಿಕೊಂಡು. ನಾನು ಗೋಡೆ ನೋಡುತ್ತೇನೆ. ಸುಳ್ಳು ಹೇಳಿದ್ದು ಹಾಗಿರಲಿ. ನಾನು ಹಿಗ್ಗಿದಾಗೆಲ್ಲ ಪಕ್ಕದಲ್ಲೇ ಕೂತು ಹಿಗ್ಗಿದಳಲ್ಲ — ಅದು ಗಂಟಲಲ್ಲಿ ಇಳಿಯುತ್ತಿಲ್ಲ.

ಸೆಪ್ಟೆಂಬರ್ 24

ಈ ಡೈರಿ ಇಟ್ಟಲ್ಲಿ ಇರುವುದಿಲ್ಲ. ದಿಂಬಿನ ಎಡಕ್ಕಿಟ್ಟರೆ ಬಲಕ್ಕೆ ಸಿಗುತ್ತದೆ. ಕದ್ದು ಓದುತ್ತಿರುವವರು ಯಾರೇ ಆಗಿರಲಿ, ಕ್ಷಮಿಸಿಲ್ಲ. ಮುಂದಿನ ಸಲ ಪರದೆ ನನ್ನ ಕಡೆಗಿರಬೇಕು, ಎಷ್ಟೇ ಕಮ್ಮಿ ಬರಲಿ. ಆಮೇಲೆ ಒಂದು ಸಣ್ಣ ಕೆಲಸ. ಬೀರುವಿನ ಮೇಲಿಂದ ಆ ಪೀಪಿ ಇಳಿಸಿ, ತೊಳೆದು, ಕೈಗೆಟುಕುವ ಹಾಗೆ ಇಡಿ. ನಾನೇ ಸ್ಟೂಲು ಹತ್ತೋಣವೆಂದರೆ ಉಸಿರು…