ಜಹೀರಾಬಾದಿನ ಎಮ್ಮೆ

ಕೂಕಟ್‌ಪಲ್ಲಿ, ಹೈದರಾಬಾದ್
೧೨-೧೧-೨೦೦೬, ಭಾನುವಾರ

ಸೌ. ಶಿವದೇವಿಗೆ,

ಇಲ್ಲಿ ಆಶೀರ್ವಾದ ಅಂತ ಬರೆಯುವುದು ವಾಡಿಕೆ. ಆಶೀರ್ವಾದ ಮಾಡುವ ಮುಖ ನನಗಿಲ್ಲ, ಅದಕ್ಕೆ ಬರೇ ಹೆಸರು ಬರೆದು ಶುರು ಮಾಡಿದ್ದೇನೆ. ನೀನು, ಪಿಂಕಿ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಹುಮನಾಬಾದಿನ ಫೋನು ಇರುವುದು ನಿನ್ನ ಅಣ್ಣನ ಅಂಗಡಿಯಲ್ಲಿ. ನನ್ನ ದನಿ ಕೇಳಿದ ಕೂಡಲೇ ಅವನಿಗೆ ಗಿರಾಕಿಗಳು ನೆನಪಾಗುತ್ತಾರೆ. ಅಲ್ಲದೆ ಈ ಮಾತು ನನ್ನ ಬಾಯಿಂದ ಬರುವಂಥದ್ದಲ್ಲ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ, ಅಷ್ಟು ಅನುಕೂಲ.

ಪಂಚಮಿಗೆ ಅಂತ ತವರಿಗೆ ಹೋದವಳು ನೀನು. ದೀಪಾವಳಿಯೂ ಆಗಿಹೋಯಿತು. ಮನೆ ಮಾಲಕಿ ಗೋದಾಬಾಯಿ ನೀರು ಬಿಡುವಾಗಲೆಲ್ಲ ನಿಮ್ಮ ಹುಮನಾಬಾದದಾಗ ಪಂಚಮಿ ಇನ್ನಾ ಮುಗದಿಲ್ಲೇನ್ರಿ ಅಂತ ಕೇಳುತ್ತಾಳೆ. ಜೋಕಾಲಿ ಇನ್ನೂ ಬಿಚ್ಚಿಲ್ಲಂತ್ರಿ ಅಂತ ನಗುತ್ತೇನೆ. ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನಗು ಇರುವುದಿಲ್ಲ.

ಮೊದಲು ಇಲ್ಲಿನ ಸುದ್ದಿ. ನೀನು ಹೋದ ಮೇಲೆ ಸರಕಾರದ ಹುಕುಂ ಅಂತ ಹೇಳಿ ನಮ್ಮ ಸೇಠ ಎಲ್ಲ ಲಾರಿಗಳಿಗೂ ಸ್ಪೀಡ್ ಗವರ್ನರ್ ಹಾಕಿಸಿದ. ಇಂಜಿನ್ ಹತ್ತಿರ ಒಂದು ಡಬ್ಬಿ, ಅದಕ್ಕೆ ತಂತಿ, ತಂತಿಗೆ ಸೀಲು. ಎಷ್ಟು ತುಳಿದರೂ ಗಾಡಿ ಅರವತ್ತರ ಮೇಲೆ ಹೋಗುವುದಿಲ್ಲ. ಡ್ರೈವರುಗಳೆಲ್ಲ ಸಿಟ್ಟಾದರು. ದೀಪಾವಳಿ ಮುಗಿದ ಮೇಲೆ, ಡಬ್ಬಿ ಬೇಡ ಅಂತ ಲಾರಿ ಅಡ್ಡಾದಲ್ಲಿ ಗಾಡಿ ನಿಲ್ಲಿಸಿ ಕೂತೆವು. ಮುಂದಾಳು ಯಾರು? ನಿನ್ನ ಗಂಡನೇ, ಸೂಪರ್‌ಫಾಸ್ಟ್ ಕಲ್ಯಾಣಪ್ಪ.

ಲಾರಿಯ ಮೇಲೆ ಹತ್ತಿಸಿ ಮಾತಾಡು ಅಂದರು. ಮಾತಾಡಿದೆ. ಮುಂದಿನ ಗಾಡಿ ದಾಟುವಾಗ ಅರ್ಧದಲ್ಲಿ ಇಂಜಿನ್ ಕೈಬಿಟ್ಟರೆ ಎದುರು ಬರುವ ಬಸ್ಸಿಗೆ ಏನು ಹೇಳೋಣ ಅಂದೆ. ದಾರಿಯಲ್ಲಿ ಒಂದು ದಿನ ಹೆಚ್ಚು ಹಿಡಿದರೆ ಆ ದಿನದ ಊಟ ಯಾರು ಹಾಕುತ್ತಾರೆ ಅಂದೆ. ಅಡ್ಡಾದಿಡ್ಡಿ ನುಗ್ಗುವವರು ಕಾರಿನವರು, ಕಾಲು ಕಟ್ಟುವುದು ನಮಗೆ ಅಂದೆ. ಒಂದೂ ಸುಳ್ಳಲ್ಲ. ಎಲ್ಲ ಡ್ರೈವರುಗಳ ಕಷ್ಟವೂ ಅದೇ. ನಮ್ಮ ಮೋಹನ, ಆ ಔರಾದಿನ ಹುಡುಗ, ಹೋದ ವರ್ಷ ಮದುವೆಯಾದನಲ್ಲ, ಅವನಂತೂ ಕಲ್ಯಾಣಣ್ಣನ ಗಾಡಿಗೆ ಲಗಾಮು ಹಾಕೋ ಮಗ ಇನ್ನಾ ಹುಟ್ಟಿಲ್ಲ ಅಂತ ಕೂಗಿ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡ. ನಾನು ಮೇಲೆ ಕೂತು ಕೈ ಬೀಸಿದೆ. ಶಿವಿ, ಆಗ ನನ್ನೊಳಗೆ ಒಂದೇ ಮಾತು ಇತ್ತು. ದೇವರೇ, ಸೇಠ ಒಪ್ಪದೇ ಇರಲಿ.

ಯಾಕೆ ಅಂತ ಹೇಳಬೇಕೆಂದರೆ ಎಮ್ಮೆಯಿಂದ ಶುರು ಮಾಡಬೇಕು.

ಯುಗಾದಿ ಆದ ಮೇಲೆ ಒಮ್ಮೆ ಲಾರಿಗೆ ತುಂಬಿದ್ದ ಗಾಜು ಒಡೆದುಕೊಂಡು ಬಂದೆನಲ್ಲ, ಜಹೀರಾಬಾದ್ ಹತ್ತಿರ ಎಮ್ಮೆ ಅಡ್ಡ ಬಂತು, ಬ್ರೇಕ್ ಹೊಡೆದೆ ಅಂತ ಹೇಳಿದ್ದೆ. ಸೇಠನಿಗೂ ಅದನ್ನೇ ಹೇಳಿದೆ. ನೀನು ಗೋದಾಬಾಯಿಗೆ ಹೇಳಿದೆ, ಪಿಂಕಿ ಶಾಲೆಯಲ್ಲಿ ಹೇಳಿದಳು. ಕೇಳಿದವರಿಗೆಲ್ಲ ನಾನು ಆ ಎಮ್ಮೆಯ ಕೊಂಬು ಹೇಗಿತ್ತು, ಬಾಲ ಹೇಗಿತ್ತು ಅಂತ ವರ್ಣಿಸಿದ್ದೇ ವರ್ಣಿಸಿದ್ದು. ಅಲ್ಲಿ ಎಮ್ಮೆ ಇರಲಿಲ್ಲ.

ಇದ್ದವರು ಒಬ್ಬ ತಾಯಿ, ಅವಳ ಜೊತೆ ನಮ್ಮ ಪಿಂಕಿಯ ವಾರಿಗೆಯ ಹುಡುಗಿ. ಅವರು ರಸ್ತೆ ದಾಟುವುದು ನನಗೆ ದೂರದಿಂದಲೇ ಕಂಡಿತ್ತು. ಹಾರ್ನ್ ಹೊಡೆದರೆ ಓಡುತ್ತಾರೆ ಅಂದುಕೊಂಡೆ. ವೇಗ ಇಳಿಸಲಿಲ್ಲ. ಹುಡುಗಿಯ ಚಪ್ಪಲಿ ಕಳಚಿ ನಡುರಸ್ತೆಯಲ್ಲಿ ಬಿತ್ತು, ಅದನ್ನು ತರಲು ಅವಳು ತಿರುಗಿ ಬಂದಳು. ಬ್ರೇಕ್ ಮೇಲೆ ಎದ್ದು ನಿಂತೆ. ಹಿಂದೆ ಗಾಜು ಒಡೆದ ಸಪ್ಪಳ. ಗಾಡಿ ನಿಂತಾಗ ಎದುರಿಗೆ ಹುಡುಗಿ ಕಾಣಲಿಲ್ಲ. ಕೆಳಗಿಳಿದು ನೋಡಬೇಕಿತ್ತು, ನನಗೆ ಆಗಲಿಲ್ಲ. ಸ್ಟೇರಿಂಗ್ ಹಿಡಿದು ಹಾಗೇ ಕೂತಿದ್ದೆ. ಇಷ್ಟು ವರ್ಷ ಗಾಡಿ ಓಡಿಸಿದ ಗಂಡಸು ಇಳಿಯಲಿಲ್ಲ.

ತಾಯಿ ಓಡಿ ಬಂದು ಬಂಪರಿನ ಕೆಳಗೆ ಬಗ್ಗಿ ಮಗಳನ್ನು ಎಳೆದುಕೊಂಡಳು. ಹುಡುಗಿ ಎದ್ದು ನಿಂತಳು. ಏನೂ ಆಗಿರಲಿಲ್ಲ. ತಾಯಿ ಚಕ್ರದ ಪಕ್ಕ ಬಿದ್ದಿದ್ದ ಚಪ್ಪಲಿ ತೆಗೆದುಕೊಂಡು, ಸೆರಗಿನಿಂದ ಒರೆಸಿ, ಮಗಳ ಕಾಲಿಗೆ ಹಾಕಿದಳು. ಅವಳು ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ಅಲ್ಲಿಗೆ ಮುಗಿದುಹೋಗುತ್ತಿತ್ತು. ಅವಳು ನನ್ನ ಕಡೆ ನೋಡಲೂ ಇಲ್ಲ. ಕೈ ಹಿಡಿದುಕೊಂಡು ಹೋಗಿಬಿಟ್ಟಳು.

ಪಿಂಕಿಯ ಹೊಸ ಚಪ್ಪಲಿ ಹೊಸ್ತಿಲಲ್ಲಿ ಕಂಡಾಗಲೆಲ್ಲ ನಾನು ಯಾಕೆ ಬಾಯಿ ಮಾಡುತ್ತಿದ್ದೆ ಅಂತ ಈಗ ತಿಳಿಯಿತೇ? ಒಂದು ದಿನ ಅದನ್ನು ತೆಗೆದು ಅಂಗಳಕ್ಕೆ ಒಗೆದೆ. ಕೂಸು ಅತ್ತಿತು. ಅದರದ್ದೇನೂ ತಪ್ಪಿರಲಿಲ್ಲ.

ಆ ಮೇಲೆ ನನಗೆ ಹೆದರಿಕೆ ಹತ್ತಿತು. ಗಾಡಿ ಎಪ್ಪತ್ತು ದಾಟಿದರೆ ಕಾಲು ತಾನೇ ಬ್ರೇಕ್ ಮೇಲೆ ಹೋಗುತ್ತಿತ್ತು. ಇದನ್ನು ಯಾರಿಗೆ ಹೇಳಲಿ? ನಿನಗೆ ಹೇಳದೆಯೇ ತಿಳಿದಿತ್ತು. ನಿದ್ದಿಯೊಳಗ ನಿಮ್ಮ ಬಲಗಾಲು ನನ್ನ ಕಾಲು ತುಳಿತೈತಿ, ಬ್ರೇಕ್ ಒತ್ತಿದಂಗ, ಏನಾಗೇತಿ ಹೇಳ್ರಿ ಅಂತ ನೀನು ಎಷ್ಟು ಸಲ ಕೇಳಿದೆ. ಕಾಲು ಜೋಮು ಹಿಡೀತೈತಿ ಅಂತ ನಾನು ಹಾರಿಸಿದೆ. ಕೊನೆಗೆ ಮೋಹನ, ಇನ್ನಿಬ್ಬರು ಊಟಕ್ಕೆ ಬಂದಾಗ ನೀನು ಮೋಹನನಿಗೆ, ಸ್ವಲ್ಪ ಸಾವಕಾಶ ಓಡಸ್ರಿ ಅಂತ ಇವರಿಗೆ ನೀನಾದ್ರೂ ಹೇಳಪಾ ಅಂದೆ. ನಾನು ಅವರೆಲ್ಲರ ಎದುರಿಗೆ ಸ್ಟೇರಿಂಗ್ ನಿನ್ನ ಕೈಯಾಗ ಕೊಟ್ಟು ನಾನು ಬಳಿ ತೊಟ್ಕೊಂಡು ಕೂಡ್ತೀನಿ ತಗೋ ಅಂದೆ. ಅವರು ನಕ್ಕರು. ನೀನು ರೊಟ್ಟಿ ಬುಟ್ಟಿ ನನ್ನ ಮುಂದೆ ಇಟ್ಟು ಒಳಗೆ ಹೋದೆ. ಪಂಚಮಿ ಬಂತು, ನೀನು ಹೊರಟುಹೋದೆ.

ಅಂಥಾ ಹೊತ್ತಿನಲ್ಲಿ ಬಂತು ನೋಡು ಈ ಡಬ್ಬಿ. ಎಲ್ಲರೂ ಅದಕ್ಕೆ ಶಾಪ ಹಾಕುತ್ತಿದ್ದರು, ನಾನೂ ಎಲ್ಲರಿಗಿಂತ ಜೋರಾಗಿ ಹಾಕುತ್ತಿದ್ದೆ. ಗಾಡಿ ಹತ್ತಿ ಕೂತ ಮೇಲೆ ಮಾತ್ರ ಜೀವ ತಣ್ಣಗಾಗುತ್ತಿತ್ತು. ಸೇಠ ಫೋನ್ ಮಾಡಿ ಎಲ್ಲಿದ್ದೀ ಅಂತ ಬೈದರೆ ನಾ ಏನ್ ಮಾಡ್ಲಿರೀ ಸೇಠಜಿ, ಗಾಡೀನ ಓಡವಲ್ದು ಅನ್ನುತ್ತಿದ್ದೆ. ಮಾನ ಹೋಗದೆ ನಿಧಾನ ಹೋಗುವ ದಾರಿ ಸಿಕ್ಕಿತ್ತು. ಅದನ್ನು ನಾನೇ ಭಾಷಣ ಮಾಡಿ ಕೆಡಿಸಿಕೊಂಡೆ.

ಮೊನ್ನೆ ಸೇಠ ಒಪ್ಪಿಬಿಟ್ಟ. ಜಗಳವಿಲ್ಲ, ತಕರಾರಿಲ್ಲ, ಚಹಾ ತರಿಸಿ ಕುಡಿಸಿದ. ನಿಮ್ಮ ಮಾತ ನಡೀಲಿ, ತಂತಿ ಕತ್ತರಿಸೋಣ, ಡಬ್ಬಿ ಮಾತ್ರ ಇದ್ದಲ್ಲೇ ಇರಲಿ, ಆರ್‌ಟಿಓ ಸಾಹೇಬರಿಗೆ ತೋರಿಸಾಕ ಬೇಕಾಗ್ತೈತಿ ಅಂದ. ಅವತ್ತೇ ಎಲ್ಲ ಗಾಡಿಗಳ ತಂತಿ ಕತ್ತರಿಸಿದರು. ಅವನಿಗೂ ಬೇಕಾಗಿದ್ದು ವೇಗವೇ. ಮಾದಾಪುರದಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಎದ್ದ ಮೇಲೆ ಎಲ್ಲರಿಗೂ ಗಾಜು ಇವತ್ತೇ ಬೇಕು. ಈಗ ತಂತೀನೂ ಇಲ್ಲ, ತಡ ಯಾಕ ಆಗ್ತೈತಿ ಅಂತ ಕೇಳಿದ. ನಾಳೆ ಮುಂಬೈ ಕಡೆ ಹೊರಟು, ಗಾಜು ತುಂಬಿಕೊಂಡು ಬುಧವಾರ ಬೆಳಿಗ್ಗೆ ಮಾದಾಪುರದಲ್ಲಿ ಇಳಿಸಬೇಕಂತೆ. ಮೊದಲ ಗಾಡಿ ನನ್ನದೇ, ಮುಂದಾಳು ಅಲ್ಲವೇ. ಹಿಂದಿನದು ಮೋಹನನದು. ಅಷ್ಟರಲ್ಲಿ ಬರಬೇಕೆಂದರೆ ಜಹೀರಾಬಾದನ್ನು ಹೇಗೆ ದಾಟಬೇಕು ಅಂತ ನನಗೆ ಗೊತ್ತು. ಆದರೂ ಹೂಂ ಅಂದು ಬಂದೆ.

ಮನೆಗೆ ಬಂದು ಒಂದು ಉಪಾಯ ಮಾಡಿದ್ದೇನೆ. ನಮ್ಮ ಫಿಟ್ಟರ್ ಅಂಬಣ್ಣನನ್ನು ಸಂಜೆ ಒಬ್ಬನೇ ಕಂಡು, ನನ್ನ ಗಾಡಿಯ ತಂತಿ ಮತ್ತೆ ಜೋಡಿಸು ಅನ್ನುತ್ತೇನೆ. ಯಾರಾದರೂ ಕೇಳಿದರೆ ಇಂಜಿನ್ ಎಳೆಯುತ್ತಿಲ್ಲ ಅಂತ ಹೇಳಿದರಾಯಿತು. ಮತ್ತೊಂದು ಎಮ್ಮೆ. ನಿನ್ನ ಅಣ್ಣನಿಗೆ ಇದೇನೂ ಹೇಳಬೇಡ, ಪಿಂಕಿಗಂತೂ ಬೇಡ. ನಮ್ಮಪ್ಪ ಎಲ್ಲರಿಗಿಂತ ಜೋರು ಓಡಿಸುತ್ತಾನೆ ಅಂತ ಅದು ಹೇಳಿಕೊಂಡಿರಲಿ.

ಬಳಿಯ ಮಾತಿಗೆ ಕ್ಷಮಿಸು ಅಂತ ಕೇಳಲು ನಾಚಿಕೆಯಾಗುತ್ತದೆ. ಆದರೂ ಕೇಳಿದ್ದೇನೆ. ತಿರುಗಿ ಬರುವಾಗ ಹುಮನಾಬಾದಿನ ನಾಕಾ ಹತ್ತಿರ ಗಾಡಿ ನಿಲ್ಲಿಸುತ್ತೇನೆ. ಮನಸ್ಸಿದ್ದರೆ ಬಾ.

ನಿನ್ನ
ಕಲ್ಯಾಣಪ್ಪ

ತಾ.ಕ.: ಈ ಕಾಗದ ಜೇಬಿನಲ್ಲಿಟ್ಟುಕೊಂಡೇ ಅಂಬಣ್ಣನ ಹತ್ತಿರ ಹೋಗಿದ್ದೆ. ವಿಷಯ ಹೇಳಿದಾಗ ಅವನು ನಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ನಿನ್ನೆಯೇ ಮೋಹನ ಬಂದು ತನ್ನ ಗಾಡಿಯ ತಂತಿ ಜೋಡಿಸಿಕೊಂಡು ಹೋಗಿದ್ದಾನಂತೆ. ಹೆಂಡತಿ ಬಸುರಿ, ಜೀವ ಅಂಜತೈತಿ ಅಂದನಂತೆ. ಹೋಗುವಾಗ ಅಂಬಣ್ಣನ ಕೈ ಹಿಡಿದು, ಯಾರಿಗ ಹೇಳಿದ್ರೂ ನಡೀತೈತಿ, ಕಲ್ಯಾಣಣ್ಣಗ ಮಾತ್ರ ಹೇಳಬ್ಯಾಡ, ಬಳಿ ತೊಟ್ಕೋ ಅಂತಾನ ಅಂದನಂತೆ. ಶಿವಿ, ನಾಳೆ ಸೇಠನಿಂದ ಕೀಲಿ ಇಸಕೊಳ್ಳುವಾಗ ಅಡ್ಡಾದಲ್ಲಿ ಎಲ್ಲರೂ ಇರುತ್ತಾರೆ. ನನಗೆ ಹೆದರಿಕೆ ಆಗ್ತೈತಿ, ನನ್ನ ಗಾಡಿ ತಂತಿ ಮತ್ತ ಜೋಡಿಸೀನಿ, ಗಾಜು ಬುಧವಾರ ಮುಟ್ಟಂಗಿಲ್ಲ ಅಂತ ಅವರೆಲ್ಲರ ಮುಂದೆಯೇ ಹೇಳುತ್ತೇನೆ. ಮೋಹನನ ಹೆಸರು ಹೇಳುವುದಿಲ್ಲ. ಪಿಂಕಿಗೆ ಎಮ್ಮೆ ಇರಲಿಲ್ಲ ಅಂತ ನೀನೇ ಹೇಳಿಬಿಡು.